ಬುದ್ಧ ಸರಿದಾಡಿದ ಗೋಡೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಬಾಡಿಗೆ ಮನೆ ಹುಡುಕಿ ನೋಡು ಎನ್ನುವುದನ್ನು ಯಾಕೆ ಬಿಟ್ಟರೋ ಗೊತ್ತಿಲ್ಲ. ಗಾದೆ ಕಟ್ಟಿದವರಿಗೆಲ್ಲ ಸ್ವಂತ ಮನೆ ಇದ್ದಿರಬೇಕು. ನಾನು ಬಸ್ಸಿನ ಕಂಡಕ್ಟರ್. ಹೆಣ್ಣುಮಗಳೊಬ್ಬಳು ಹೆಗಲಿಗೆ ಚೀಲ ಹಾಕಿಕೊಂಡು ಸೀಟಿ ಊದಿದರೆ ಮೊದಮೊದಲು ತಿರುಗಿ ತಿರುಗಿ ನೋಡುತ್ತಿದ್ದವರು ಈಗ ಚಿಲ್ಲರೆ ಬೇಕಾದಾಗ ಮಾತ್ರ ನೋಡುತ್ತಾರೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಬೆಳಿಗ್ಗೆ ಯಾವ ದಿಕ್ಕಿಗೆ ಹೋದರೂ ಸಂಜೆ ಕೊಟ್ಟೂರಿಗೆ ಬಂದು ಬೀಳುವುದು ನನ್ನ ಡ್ಯೂಟಿ. ಹಾಗಾಗಿ ಗುಡೇಕೋಟೆ ಕಡೆಯ ನಮ್ಮ ಹಳ್ಳಿ ಬಿಟ್ಟು ನಾನು ಮತ್ತು ಅವ್ವ ಕೊಟ್ಟೂರಿನಲ್ಲಿ ಮನೆ ಮಾಡಬೇಕಾಯಿತು.

ಕೊಟ್ಟೂರಿನವರು ಒಳ್ಳೆಯವರು. ಮನೆ ತೋರಿಸುತ್ತಾರೆ, ಕೂತುಕೊಳ್ಳಿ ಎನ್ನುತ್ತಾರೆ, ಸರ್ಕಾರಿ ಸಂಬಳ ಎಂದು ಕೇಳಿದರೆ ಮುಖ ಅರಳಿಸುತ್ತಾರೆ. ಆಮೇಲೆ ನಾವು ಹೊರಡುವಾಗ ಈಗಷ್ಟೇ ನೆನಪಾಯಿತು ಅನ್ನುವ ಹಾಗೆ, ‘ನೀವು ಯಾವ ಪೈಕಿರಿ?’ ಎನ್ನುತ್ತಾರೆ. ನಾನು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ, ನಾವು ದಲಿತರು, ಅಪ್ಪನ ಕಾಲದಿಂದ ಬುದ್ಧನಿಗೆ ಕೈಮುಗಿಯುವವರು ಎಂದು. ಕೂಡಲೇ ಅವರ ಅಳಿಯನೊಬ್ಬ ಮುಂದಿನ ವಾರವೇ ಆ ಮನೆಗೆ ಬರುವುದಿತ್ತು ಎಂಬುದು ಅವರಿಗೆ ನೆನಪಾಗುತ್ತದೆ. ಈ ಊರಿನಲ್ಲಿ ಇಷ್ಟೊಂದು ಅಳಿಯಂದಿರು ಬಾಡಿಗೆ ಮನೆಗೆ ಕಾದು ಕೂತಿದ್ದಾರೆ ಎಂದು ನನಗೆ ತಿಳಿದದ್ದೇ ಆಗ.

ಕೊನೆಗೆ ಮನೆ ಕೊಟ್ಟವರು ಮೋಟಾರ್ ರಿಪೇರಿಯ ಒಬ್ಬ ಮುಸ್ಲಿಂ ಹಿರಿಯರು. ಸುತ್ತಲಿನ ಹೊಲಗಳಲ್ಲಿ ಬೋರ್‌ವೆಲ್ ಮೋಟಾರು ಸುಟ್ಟರೆ ಅದಕ್ಕೆ ಹೊಸ ತಂತಿ ಸುತ್ತಿಸಲು ಅವರ ಅಂಗಡಿಗೇ ತರಬೇಕು. ಮೋಟಾರಿನ ಜೊತೆ ಬಂದ ರೈತನಿಗೆ ಅದನ್ನು ಹೇಗೆ ಇಟ್ಟುಕೊಳ್ಳಬೇಕಿತ್ತು ಎಂದು ಅರ್ಧ ಗಂಟೆ ಬುದ್ಧಿವಾದ ಪುಕ್ಕಟೆ. ನಾನು ಅವರನ್ನು ಚಾಚಾ ಎಂದೂ ಅವರ ಹೆಂಡತಿಯನ್ನು ಚಾಚಿ ಎಂದೂ ಕರೆಯತೊಡಗಿದೆ. ಅವರು ನಮ್ಮನ್ನು ಯಾವ ಪೈಕಿ ಎಂದು ಕೇಳಲಿಲ್ಲ, ಕರಾರು ಪತ್ರದ ಮಾತೂ ಎತ್ತಲಿಲ್ಲ. ಕೀಲಿಕೈ ಕೊಡುವಾಗ ಒಂದೇ ಮಾತು ಹೇಳಿದರು.

‘ಮನಿ ಚಂದಾಗಿ ಇಟ್ಕೊಳ್ರಿ, ಅಷ್ಟ ಸಾಕು.’

ಬೇರೆ ಯಾರಾದರೂ ಆಗಿದ್ದರೆ ಆ ಮಾತನ್ನು ಅಲ್ಲೇ ಬಿಟ್ಟು ಒಳಗೆ ಹೋಗುತ್ತಿದ್ದರು. ಅವ್ವ ಅದನ್ನು ಕಾಯಿದೆ ಮಾಡಿಕೊಂಡಳು. ದಿನಾ ಎರಡು ಸಲ ನೆಲ ಒರೆಸಿದಳು, ಬಾಗಿಲ ಚಿಲಕಕ್ಕೆ ಎಣ್ಣೆ ಹಚ್ಚಿದಳು, ಕಿಟಕಿಯ ಸರಳು ಒಂದೊಂದನ್ನೂ ಬೇರೆ ಬೇರೆಯಾಗಿ ಒರೆಸಿದಳು. ನಾನು ಡ್ಯೂಟಿ ಮುಗಿಸಿ ಬಂದರೆ ಚಪ್ಪಲಿಯನ್ನಷ್ಟೇ ಅಲ್ಲ, ನನ್ನನ್ನೂ ಹೊರಗೇ ಬಿಡುವ ವಿಚಾರ ಅವಳಿಗಿದ್ದಂತೆ ಕಾಣುತ್ತಿತ್ತು.

ಮನೆ ಎಂದರೆ ಅವರ ಮನೆಯ ನಡುವೆಯೇ ಒಂದು ಗೋಡೆ ಎಬ್ಬಿಸಿ ಎರಡು ಮಾಡಿದ್ದು. ಗೋಡೆಯ ಈಚೆ ನಮ್ಮ ನಡುಮನೆ, ಆಚೆ ಅವರ ಬಚ್ಚಲು. ಅವರ ಬಾಗಿಲು ಇನ್ನೊಂದು ಓಣಿಗೆ, ನಮ್ಮದು ಈ ಓಣಿಗೆ. ಆ ಬಚ್ಚಲಲ್ಲಿ ಏನಿದೆ ಎಂದು ನಾವು ಯಾವತ್ತೂ ಹೋಗಿ ನೋಡಿದವರಲ್ಲ. ಬಂದ ವರ್ಷವೇ, ಶ್ರಾವಣದ ಹೊತ್ತಿಗೆ, ಆ ಗೋಡೆಯ ಮೇಲೆ ಅಂಗೈಯಗಲದ ಕಪ್ಪು ಕಲೆಯೊಂದು ಕಾಣಿಸಿತು. ಮುಟ್ಟಿದರೆ ತಣ್ಣಗೆ, ಮೂಸಿದರೆ ಹಳೇ ಕಂಬಳಿಯ ವಾಸನೆ. ಬೂಷ್ಟು.

ನಮ್ಮ ಸೀಮೆಯಲ್ಲಿ ಬೂಷ್ಟು ಹಿಡಿಯುವುದು ಮರೆತುಬಿಟ್ಟ ರೊಟ್ಟಿಗೆ, ಕೈ ಒದ್ದೆ ಮಾಡಿಕೊಂಡು ತೆಗೆದ ಉಪ್ಪಿನಕಾಯಿಗೆ. ಗೋಡೆಗೆ ಹಿಡಿಯುವಷ್ಟು ಮಳೆ ಇಲ್ಲಿ ಎಲ್ಲಿದೆ? ಮೋಡ ಬರುತ್ತದೆ, ಕೊಟ್ಟೂರನ್ನು ಒಮ್ಮೆ ನೋಡುತ್ತದೆ, ಬಂದ ದಾರಿಗೆ ಸುಂಕವಿಲ್ಲ ಎಂದು ಹೊರಟುಹೋಗುತ್ತದೆ. ಆಚೆ ಕಡೆಯಿಂದಲೇ ಏನೋ ಸೋರುತ್ತಿರಬೇಕು, ಚಾಚಾಗೆ ಹೇಳೋಣ ಎಂದೆ ನಾನು. ಅವ್ವ ಒಪ್ಪಲಿಲ್ಲ. ಇದು ನಮ್ಮ ಒಲೆಯ ಹಬೆಯಿಂದಲೇ ಆದದ್ದು ಎಂದು ತೀರ್ಮಾನಿಸಿ ಮುದ್ದೆ ಬೇಯಿಸುವುದನ್ನೇ ನಿಲ್ಲಿಸಿದಳು. ವಾರವಿಡೀ ಊಟಕ್ಕೆ ಒಗ್ಗರಣೆ ಮಂಡಕ್ಕಿ. ಗೋಡೆ ಒಣಗಲಿಲ್ಲ, ನಾನು ಒಣಗಿದೆ. ಆಮೇಲೆ ಅವಳು ಗೋಡೆಯನ್ನು ಉಜ್ಜಿದಳು, ಸುಣ್ಣ ತಂದು ಬಳಿದಳು. ನಾಲ್ಕು ದಿನದಲ್ಲಿ ಬೂಷ್ಟು ಸುಣ್ಣದ ಒಳಗಿನಿಂದ ಇಣುಕಿ ನೋಡಿತು. ಅವ್ವನಿಗೆ ಬೆಳಗಿನ ಹೊತ್ತು ಕೆಮ್ಮು ಶುರುವಾಯಿತು. ಅದನ್ನೂ ಅವಳು ಸೆರಗಿನಲ್ಲಿ ಮುಚ್ಚಿಕೊಂಡೇ ಕೆಮ್ಮುತ್ತಿದ್ದಳು, ಗೋಡೆಯಾಚೆ ಕೇಳಿಸಬಾರದೆಂದು.

ಇನ್ನು ತಡೆಯಲಾರೆ, ಈಗಲೇ ಹೋಗಿ ಹೇಳುತ್ತೇನೆ ಎಂದು ನಾನು ಎದ್ದ ದಿನ ಅವ್ವ ನನ್ನ ಕೈ ಹಿಡಿದಳು.

‘ಬಾಯಿ ತಗೀಬ್ಯಾಡ ನೀನು. ಇಂಥಾ ಮಂದಿಗೆ ಮನಿ ಕೊಟ್ರ ಹಿಂಗ ಹೊಲಸು ಮಾಡ್ತಾರ ಅಂತಾರ. ಅವರು ಅನ್ನದಿದ್ರೂ ಓಣ್ಯಾಗಿನವರು ಅಂತಾರ.’

ನನಗೆ ಸಿಟ್ಟು ಬಂತು. ಅವ್ವನಿಗೆ ಮನೆ ಹೋಗುವ ಭಯ ಇತ್ತು, ನಿಜ. ಅದಕ್ಕಿಂತ ದೊಡ್ಡದು ಆ ಒಂದು ಮಾತಿನ ಭಯ. ಆ ಮಾತು ಯಾರ ಬಾಯಿಂದಲೂ ಬರದ ಹಾಗೆ ಬದುಕುವುದೇ ಅವಳ ಜೀವಮಾನದ ಕೆಲಸವಾಗಿತ್ತು. ಸೀಟಿಗಾಗಿ ಜಗಳವಾಡುವ ಎಂಥೆಂಥವರದೋ ಬಾಯಿ ಮುಚ್ಚಿಸಿದ ನಾನು ಬಾಯಿ ಮುಚ್ಚಿಕೊಂಡು ಕೂತೆ.

ಆಮೇಲೆ ಅವ್ವ ಬೂಷ್ಟನ್ನು ಮರೆಮಾಡುವ ಕೆಲಸಕ್ಕೆ ಇಳಿದಳು. ಮೊದಲು ಕ್ಯಾಲೆಂಡರ್ ತೂಗುಹಾಕಿದಳು. ಕಲೆ ಕ್ಯಾಲೆಂಡರಿಗಿಂತ ಅಗಲವಾಯಿತು. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡದು ಎಂದರೆ ನನಗೆ ನೌಕರಿ ಸಿಕ್ಕಾಗ ತಂದಿದ್ದ ಕಟ್ಟು ಹಾಕಿದ ಬುದ್ಧನ ಫೋಟೋ. ಅದನ್ನು ಎದುರು ಗೋಡೆಯಿಂದ ಇಳಿಸಿ ಇಲ್ಲಿಗೆ ತಂದಳು. ಕಲೆ ಎಡಕ್ಕೆ ಹರಡಿದರೆ ಬುದ್ಧ ಎಡಕ್ಕೆ ಸರಿದ. ಬಲಕ್ಕೆ ಹೊಸ ಕಲೆ ಎದ್ದರೆ, ಹಳೆಯದಕ್ಕೆ ಸುಣ್ಣ ಬಳಿದು ಬುದ್ಧನನ್ನು ಬಲಕ್ಕೆ ಕಳಿಸಿದಳು. ಒಮ್ಮೆ ಕಲೆ ಕೆಳಗಿಳಿದಾಗ ಬುದ್ಧನೂ ಸೊಂಟದ ಮಟ್ಟಕ್ಕೆ ಇಳಿದ. ಹಳ್ಳಿಯಿಂದ ಬಂದ ನಮ್ಮ ಸೋದರತ್ತೆ ಅವನಿಗೆ ಕೈಮುಗಿಯಲು ನೆಲದ ಮೇಲೆ ಕೂರಬೇಕಾಯಿತು. ಬುದ್ಧನಿಗೆ ಇದೇನು ಓಡಾಟವೇ ಎಂದು ನಾನು ರೇಗಿಸಿದರೆ, ಆತ ಮನುಷ್ಯನಾಗಿ ಇದ್ದಾಗಲೂ ಒಂದೇ ಕಡೆ ಕೂತವನಲ್ಲ ಎಂದು ಅವ್ವ ಗಂಭೀರವಾಗಿ ಹೇಳಿದಳು.

ಮನೆಯಲ್ಲಿ ಬಾಯಿ ತೆಗೆಯದ ನಾನು ಬಸ್ಸಿನಲ್ಲಿ ತೆಗೆದೆ. ಯಾರದೋ ಮನೆಯ ಕತೆ ಎಂಬಂತೆ ಕೇಳುತ್ತಿದ್ದೆ: ಗೋಡೆಗೆ ಬೂಷ್ಟು ಬಂದರೆ ಸರಿ ಮಾಡಿಸುವುದು ಮಾಲೀಕನೋ, ಬಾಡಿಗೆಯವನೋ? ಹೆಂಗಸರಿಗೆ ಟಿಕೆಟ್ ಪುಕ್ಕಟೆ ಆದ ಮೇಲೆ ನಮ್ಮ ಬಸ್ಸು ದಿನಾ ತುಂಬಿ ತುಳುಕುತ್ತದೆ, ತೀರ್ಪು ಕೊಡುವವರಿಗೆ ಬರವಿಲ್ಲ. ಕೂಡ್ಲಿಗಿ ದಾರಿಯಲ್ಲಿ ಒಬ್ಬಾಕೆ, ಗೋಡೆ, ಚಾವಣಿ, ನೀರಿನ ಕೊಳವೆ ಮಾಲೀಕನವು, ಬಲ್ಬು, ನಲ್ಲಿಯ ವಾಷರು ಬಾಡಿಗೆಯವನವು ಎಂದು ಗೆರೆ ಕೊರೆದಂತೆ ಹೇಳಿದಳು. ಹಿಂದಿನ ಸೀಟಿನಾಕೆ, ಬಟ್ಟೆ ಒಳಗೆ ಒಣಹಾಕಿ ಬೂಷ್ಟು ಬರಿಸಿಕೊಂಡರೆ ಅದು ಮಾಲೀಕನ ತಪ್ಪು ಹೇಗಾಗುತ್ತದೆ ಎಂದು ಎದ್ದಳು. ಅವಳು ಹಗರಿಬೊಮ್ಮನಹಳ್ಳಿಯಲ್ಲಿ ಮೂರು ಮನೆ ಬಾಡಿಗೆಗೆ ಕೊಟ್ಟವಳು ಎಂದು ಆಮೇಲೆ ಗೊತ್ತಾಯಿತು. ಹಡಗಲಿಯ ಮುದುಕರೊಬ್ಬರು ಮನೆಯನ್ನೇ ಬಿಟ್ಟು ಬೇರೆ ಮನೆಗೆ ಹೋಗಲಿ ಎಂದರು. ಅವರನ್ನು ಯಾರೂ ಯಾವ ಪೈಕಿ ಎಂದು ಕೇಳಿರಲಿಕ್ಕಿಲ್ಲ. ಹರಪನಹಳ್ಳಿ ಕೋರ್ಟಿಗೆ ದಿನಾ ಹೋಗುವ ವಕೀಲರ ಗುಮಾಸ್ತರು ಮಾತ್ರ ಕೆಲಸಕ್ಕೆ ಬರುವ ಮಾತಾಡಿದರು. ಕಟ್ಟಡದ ದೋಷ ಮಾಲೀಕನದು, ಬಳಕೆಯ ದೋಷ ಬಾಡಿಗೆಯವನದು, ಆದರೆ ಕಂಡ ಕೂಡಲೇ ಮಾಲೀಕನಿಗೆ ತಿಳಿಸುವುದು ಬಾಡಿಗೆಯವನ ಕರ್ತವ್ಯ, ಮುಚ್ಚಿಟ್ಟರೆ ಅವನದೇ ತಪ್ಪು. ನಾನು ಅವರ ಕೈಗೆ ಟಿಕೆಟ್ ಹರಿದುಕೊಟ್ಟು ಸುಮ್ಮನೆ ಮುಂದಿನ ಸೀಟಿಗೆ ಹೋದೆ. ಮುಚ್ಚಿಟ್ಟದ್ದೇ ನಮ್ಮ ಮನೆಯ ಈ ವರ್ಷದ ದೊಡ್ಡ ಉದ್ಯೋಗವಾಗಿತ್ತಲ್ಲ.

ಚಾಚಾ ಆಗಾಗ ಬರುತ್ತಿದ್ದರು. ಕರೆಂಟ್ ಮೀಟರ್ ನೋಡುವ ನೆಪ, ಇಲ್ಲವೇ ಸ್ವಿಚ್ಚು ಸರಿ ಇದೆಯೇ ಎಂದು ವಿಚಾರಿಸುವ ನೆಪ. ಅವರ ದನಿ ಕೇಳಿದರೆ ಅವ್ವ ಹೋಗಿ ಬುದ್ಧನ ಪಕ್ಕದಲ್ಲಿ ನಿಲ್ಲುತ್ತಿದ್ದಳು, ಫೋಟೋ ಸಾಲದ ಜಾಗಕ್ಕೆ ತನ್ನ ಸೀರೆ ಅಡ್ಡ ಹಿಡಿದು. ಚಾಚಾ ಮೀಟರನ್ನು ಒಂದು ಗಳಿಗೆ ನೋಡಿದರೆ ಬುದ್ಧನನ್ನು ಹತ್ತು ಗಳಿಗೆ ನೋಡುತ್ತಿದ್ದರು. ಚಂದ ಅದಾನ ಎಂದು ಹೇಳಿ, ಏನೋ ಲೆಕ್ಕ ಹಾಕಿದವರಂತೆ ತಲೆಯಾಡಿಸಿ ಹೋಗುತ್ತಿದ್ದರು. ಬುದ್ಧನ ಮೇಲೆ ಇಷ್ಟು ಅಕ್ಕರೆಯನ್ನು ನಾನು ನಮ್ಮವರಲ್ಲೂ ಕಂಡಿರಲಿಲ್ಲ.

ಹೀಗೆ ಎರಡು ಮಳೆಗಾಲ ಕಳೆದವು. ಒಂದು ದಿನ ನನಗೆ ವಾರದ ರಜೆ. ಅವತ್ತು ಬೆಳಿಗ್ಗೆಯೇ ಓಣಿಗೆ ನಲ್ಲಿ ನೀರು ಬಂದು ಹೋಗಿತ್ತು. ನಮ್ಮ ಓಣಿಗೆ ನೀರು ಬರುವುದು ವಾರಕ್ಕೊಮ್ಮೆ, ಬಂದ ದಿನ ಎಲ್ಲರ ಮನೆಯಲ್ಲೂ ಸಣ್ಣ ಹಬ್ಬ. ಅವ್ವ ಬುದ್ಧನನ್ನು ಮತ್ತೆ ಒಂದು ಮೊಳ ಬಲಕ್ಕೆ ಸರಿಸಬೇಕು, ಮೊಳೆ ಹೊಡಿ ಎಂದಳು. ಮೊಳೆ ಇಟ್ಟು ಒಂದು ಏಟು ಹೊಡೆದೆ. ತಟ್ಟೆಯಗಲದ ಗಾರೆ ಸಡಿಲಾಗಿ ಕಾಲ ಮೇಲೆ ಬಿತ್ತು. ಇಟ್ಟಿಗೆಯ ಸಂದಿಯಿಂದ ನೀರು ದಾರದ ಹಾಗೆ ಇಳಿಯತೊಡಗಿತು.

ಅವ್ವ ಸೆರಗು ಮುದ್ದೆ ಮಾಡಿ ಅಲ್ಲಿಗೆ ಒತ್ತಿ ಹಿಡಿದಳು. ಅವರ ಪೈಪು ಒಡೆದೆ, ಬಾಡಿಗೆಗೆ ಬಂದವರು ಗೋಡೆಯನ್ನೇ ಕೆಡವಿದೆವು, ಹೋಗಿ ಕಾಲು ಹಿಡಿದು ಹೇಳಿ ಬಾ ಎಂದಳು. ನನಗೆ ಒಂದು ಕಡೆ ಹೆದರಿಕೆ, ಇನ್ನೊಂದು ಕಡೆ ಖುಷಿ. ನಮ್ಮ ಮುದ್ದೆಯ ಹಬೆ ದಾರದ ಹಾಗೆ ಹರಿಯುವುದಿಲ್ಲ ಎನ್ನುವುದಕ್ಕೆ ಕೊನೆಗೂ ಸಾಕ್ಷಿ ಸಿಕ್ಕಿತ್ತು. ಓಣಿ ಸುತ್ತಿ ಹೋಗಿ ಚಾಚಾನನ್ನು ಕರೆತಂದೆ.

ಅವರು ಗೋಡೆ ನೋಡಿದರು. ಸೆರಗು ಒತ್ತಿ ನಿಂತ ಅವ್ವನನ್ನು ನೋಡಿದರು. ಟೋಪಿ ತೆಗೆದು ತಲೆ ಕೆರೆದುಕೊಂಡು ಹೊಸ್ತಿಲ ಮೇಲೆ ಕೂತುಬಿಟ್ಟರು.

‘ಪೈಪೂ ಇಲ್ಲ ಏನೂ ಇಲ್ಲ, ಕೈ ತಗೀರಿ ಯಕ್ಕಾ. ಆಕಡಿ ನೀರಿನ ತೊಟ್ಟಿ ಐತಿ. ನಾನ ಕಟ್ಟಿದ್ದು. ನೀವು ಬರೂದ್ಕಿಂತ ಮದ್ಲಿಂದ ಜಿನಗತೈತಿ.’

ಗೋಡೆಯಾಚೆ ಬಚ್ಚಲಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ ಚಾಚಿಯ ದನಿ ಬಂತು.

‘ಬುದ್ಧನ ಇಷ್ಯಾನೂ ಹೇಳ್ರಿ.’

ಚಾಚಾ ಹೇಳದೆ ವಿಧಿಯಿರಲಿಲ್ಲ. ತೊಟ್ಟಿ ತುಂಬಿದ್ದಾಗ ಅವರ ಕಡೆಯಿಂದ ಬಿರುಕು ಎಲ್ಲಿದೆ ಎಂದು ಕಾಣುತ್ತಿರಲಿಲ್ಲ. ನಮ್ಮ ಮನೆಗೆ ಬಂದು ನೋಡಿದರೆ ಬುದ್ಧ ಎಲ್ಲಿದ್ದಾನೋ ಅಲ್ಲೇ ಹಸಿ. ಬಾಗಿಲಿನಿಂದ ಎಷ್ಟು ಮೊಳ, ನೆಲದಿಂದ ಎಷ್ಟು ಮೊಳ ಎಂದು ಕಣ್ಣಳತೆ ಹಾಕಿಕೊಂಡು ಹೋಗಿ, ವಾರದ ಕೊನೆಗೆ ತೊಟ್ಟಿಯ ನೀರು ಇಳಿದಾಗ ಆ ಜಾಗಕ್ಕೆ ಒಳಗಿನಿಂದ ಸಿಮೆಂಟು ಮೆತ್ತುತ್ತಿದ್ದರು. ಅದು ಗಟ್ಟಿಯಾಗುವ ಮೊದಲೇ ನಲ್ಲಿ ನೀರು ಬಂದುಬಿಡುತ್ತಿತ್ತು. ಬಿಟ್ಟರೆ ಮುಂದಿನ ವಾರದವರೆಗೆ ಹನಿ ನೀರಿಲ್ಲ, ಹಾಗಾಗಿ ಹಸಿ ಸಿಮೆಂಟಿನ ಮೇಲೇ ತುಂಬಿಸುತ್ತಿದ್ದರು. ನೀರು ಇನ್ನೊಂದು ದಾರಿ ಹುಡುಕುತ್ತಿತ್ತು. ಬುದ್ಧ ಸರಿಯುತ್ತಿದ್ದ. ಅವರು ಮತ್ತೆ ಮೀಟರ್ ನೋಡಲು ಬರುತ್ತಿದ್ದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಗೋಡೆಯ ಎರಡೂ ಕಡೆ ಇದ್ದರು ನೋಡಿ. ಹೇಳದಿದ್ದುದು ಯಾಕೆ ಎಂದು ಕೇಳಿದರೆ ಚಾಚಾ ಟೋಪಿಯನ್ನು ಮತ್ತೆ ತಲೆಗೆ ಹಾಕಿಕೊಂಡರು. ಉತ್ತರ ಕೊಟ್ಟದ್ದು ಚಾಚಿ, ಆಚೆಯಿಂದಲೇ. ಊರಿನ ಮೋಟಾರುಗಳಿಗೆಲ್ಲ ಡಾಕ್ಟರಾದವರ ಮನೆಯ ತೊಟ್ಟಿಯೇ ಸೋರುತ್ತದೆ ಎಂದು ಗೊತ್ತಾದರೆ ಗಿರಾಕಿಗಳು ನಗುತ್ತಾರಂತೆ. ದೀಪದ ಬುಡದಲ್ಲೇ ಕತ್ತಲು.

ಆಮೇಲೆ ನಡೆದ ಜಗಳವನ್ನು ನಾನು ಬಸ್ಸಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಗಾರೆ ಬೀಳಿಸಿದ್ದು ನಾವು, ಸರಿ ಮಾಡಿಸುವುದು ನಮಗೆ ಸೇರಿದ್ದು ಎಂದು ಅವ್ವ. ತೊಟ್ಟಿ ನನ್ನದು, ಗೋಡೆ ನನ್ನದು, ನೀವು ಸುಣ್ಣ ಬಳಿದದ್ದೇ ನನಗೆ ನಾಚಿಕೆ ಎಂದು ಚಾಚಾ. ಹರಪನಹಳ್ಳಿಯ ಗುಮಾಸ್ತರ ಕಾಯಿದೆಯಲ್ಲಿ ಇಬ್ಬರೂ ತಪ್ಪು ತನ್ನದೇ ಎಂದು ಎಳೆದಾಡುವ ಪ್ರಕರಣಕ್ಕೆ ಕಲಮು ಇದ್ದಂತಿರಲಿಲ್ಲ. ಕೊನೆಗೆ ತೊಟ್ಟಿ, ಗಾರೆ ಚಾಚಾನದು, ಒಣಗಿದ ಮೇಲೆ ಸುಣ್ಣ ನಮ್ಮದು ಎಂದು ನಾನೇ ಟಿಕೆಟ್ ಹರಿದ ಹಾಗೆ ತೀರ್ಪು ಹರಿದುಕೊಟ್ಟೆ.

ಆದರೆ ತೊಟ್ಟಿ ಸರಿಯಾಗಬೇಕಾದರೆ ಖಾಲಿಯಾಗಿ ನಾಲ್ಕಾರು ದಿನ ಹಾಗೇ ಇರಬೇಕು. ತೊಟ್ಟಿಯೋ ಅವತ್ತು ಬೆಳಿಗ್ಗೆಯಷ್ಟೇ ತುಂಬಿದೆ. ತುಂಬಿದ ನೀರನ್ನು ಚರಂಡಿಗೆ ಬಿಡುವವನು ಈ ಊರಿನಲ್ಲಿ ಹುಟ್ಟಿಲ್ಲ. ಸಿಮೆಂಟಿಗೆ ಉಣಿಸಲೂ ನೀರು ಬೇಕು. ನೀರು ಸೋರುವುದನ್ನು ನಿಲ್ಲಿಸಲಿಕ್ಕೂ ನೀರೇ ಬೇಕೆಂದರೆ ಇದೆಂಥ ಊರು ಎಂದು ಚಾಚಿ ಗೊಣಗಿದಳು. ನಾನು ಹಿಂದೆಮುಂದೆ ನೋಡದೆ, ನಮ್ಮ ಮನೆಯಲ್ಲಿ ತುಂಬಿಸಿ ಇಡಿ, ಬೇಕಾದಾಗ ಬಂದು ಒಯ್ಯಿರಿ ಎಂದೆ. ಚಾಚಾ ಕೂಡಲೇ ಎದ್ದು ಪೈಪು ತರಲು ಹೋದರು. ಅವ್ವ ನನ್ನ ರಟ್ಟೆಯನ್ನು ಚಿವುಟಿದಳು.

‘ನಮ್ಮನಿ ನೀರು ಅವರು ಕುಡೀತಾರೇನ? ಕೇಳದ ಯಾಕ ಹೇಳ್ದಿ?’

ಚಾಚಾ ಸಣ್ಣ ಮೋಟಾರೊಂದನ್ನು ಹಚ್ಚಿ, ಗೋಡೆಯ ಮೇಲಿನ ಸಂದಿಯಿಂದ ಪೈಪನ್ನು ನಮ್ಮ ಕಡೆಗೆ ಇಳಿಬಿಟ್ಟರು. ಡ್ರಮ್ಮು, ಹಂಡೆ, ಕೊಡ, ಬಕೀಟು, ಜೋಳ ತುಂಬುತ್ತಿದ್ದ ಡಬ್ಬಿ, ಕೊನೆಗೆ ಮುದ್ದೆಯ ಪಾತ್ರೆಯೂ ತುಂಬಿತು. ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಅದಕ್ಕೆ ಮೊದಲು ಅವ್ವ ಅಷ್ಟನ್ನೂ ಹುಣಸೆಹಣ್ಣು ಬೂದಿ ಹಚ್ಚಿ ತಿಕ್ಕಿದ ಪರಿ ನೋಡಿದರೆ ತಾಮ್ರದ ಹಂಡೆಗೇ ನೋವಾಗಿರಬೇಕು. ಎಲ್ಲದಕ್ಕೂ ಬಿಳಿ ಬಟ್ಟೆ ಮುಚ್ಚಿ, ಗೋಡೆಗೆ ಒರಗಿ ಕಾದು ಕೂತಳು.

ಮೊದಲ ದಿನ ನೀರಿಗೆ ಬಂದದ್ದು ಚಾಚಾ. ತಮ್ಮ ಕೊಡ ತಂದು, ಬಾಗಿಲ ಹತ್ತಿರದ ಡ್ರಮ್ಮಿನಲ್ಲಿ ತಾವೇ ಅದ್ದಿಕೊಂಡು ಹೋದರು. ಎರಡನೆಯ ದಿನವೂ ಅವರೇ. ಅವ್ವ ರೊಟ್ಟಿ ತಟ್ಟುತ್ತ, ಚಾಚಿ ಮಾತ್ರ ಬರಲಿಲ್ಲ ನೋಡು ಎಂದಳು. ಅವರಿಗೆ ಕೆಲಸ ಇರುತ್ತದೆ ಎಂದು ನಾನು ಗದರಿದೆ. ಆದರೆ ನನ್ನ ಎದೆಯಲ್ಲೂ ಅದೇ ಕೂತಿತ್ತು. ನಾನು ಆ ಗೋಡೆಯ ಬೂಷ್ಟನ್ನು ಮರೆತೇಬಿಟ್ಟಿದ್ದೆ.

ಮೂರನೆಯ ದಿನ ಸಂಜೆ ನಾನು ಡ್ಯೂಟಿಯಿಂದ ಬಂದು ಚೀಲ ಇಳಿಸುತ್ತಿದ್ದೆ. ಓಣಿಯಲ್ಲಿ ಏದುಸಿರು ಕೇಳಿಸಿತು. ಚಾಚಿ ಒಂದು ಕೈಯಲ್ಲಿ ಕೊಡ, ಇನ್ನೊಂದು ಕೈಯಲ್ಲಿ ಗೋಡೆ ಹಿಡಿದುಕೊಂಡು, ಮೊಣಕಾಲನ್ನು ಬೈಯುತ್ತ ಮೆಟ್ಟಿಲು ಹತ್ತಿ ಒಳಗೆ ಬಂದಳು. ಎರಡು ದಿನದಿಂದ ಆ ಕಾಲು ಎದ್ದು ನಿಲ್ಲಲೂ ಬಿಟ್ಟಿರಲಿಲ್ಲವಂತೆ. ಅವ್ವ ಲಗುಬಗೆಯಿಂದ ಹಂಡೆಯ ಮೇಲಿನ ಬಟ್ಟೆ ಸರಿಸಿದಳು. ಸರಿಸಿ, ನಾಲ್ಕು ಹೆಜ್ಜೆ ಹಿಂದೆ ಹೋಗಿ ಮೂಲೆಯಲ್ಲಿ ನಿಂತಳು, ತನ್ನ ನೆರಳು ನೀರಿನ ಮೇಲೆ ಬೀಳದಷ್ಟು ದೂರ. ತನ್ನದೇ ಮನೆಯಲ್ಲಿ.

ನನ್ನ ಅವ್ವ ಬೆಳೆದದ್ದು ಹಾಗೆ. ಊರಿನ ಬಾವಿಯ ಕಟ್ಟೆಯಿಂದ ದೂರ ಕೊಡ ಇಟ್ಟು ನಿಲ್ಲಬೇಕು. ಮೇಲಿನವರು ಯಾರಾದರೂ ಬಂದು, ಮನಸ್ಸಾದರೆ, ತಮ್ಮ ಕೊಡವನ್ನು ಎತ್ತರದಲ್ಲಿ ಹಿಡಿದು ಇವಳ ಕೊಡಕ್ಕೆ ಸುರಿಯಬೇಕು. ಮನಸ್ಸಾಗದಿದ್ದರೆ ಮಧ್ಯಾಹ್ನದವರೆಗೆ ನಿಲ್ಲಬೇಕು. ಇದನ್ನು ಅವಳು ನನಗೆ ಯಾವತ್ತೂ ಕೂತು ಹೇಳಿದವಳಲ್ಲ, ಸೋದರತ್ತೆಯಿಂದ ಅಷ್ಟಿಷ್ಟು ಕೇಳಿದ್ದೆ. ಅವಳು ಮೂಲೆಗೆ ಸರಿದ ಆ ನಾಲ್ಕು ಹೆಜ್ಜೆ ನೋಡಿ ನನಗೆ ಎಲ್ಲ ತಿಳಿಯಿತು.

ಚಾಚಿ ಕೊಡವನ್ನು ಹಂಡೆಯ ಪಕ್ಕ ಕುಕ್ಕಿದಳು. ಮೂಲೆಯಲ್ಲಿ ನಿಂತವಳನ್ನು ಒಮ್ಮೆ ನೋಡಿದಳು.

‘ಅಲ್ಲ್ಯಾಕ ಹೋಗಿ ನಿಂತಿ ಯಕ್ಕಾ? ನನಗ ಬಗ್ಗಾಕ ಬರಲ್ಲ. ನೀನ ತುಂಬಿಕೊಡು.’

ಅವ್ವ ನನ್ನ ಕಡೆ ನೋಡಿದಳು. ನಾನು ಟಿಕೆಟ್ ಚೀಲದ ಜಿಪ್ಪು ಹಾಕುವುದರಲ್ಲಿ ಬಹಳ ಕೆಲಸವಿದ್ದವಳಂತೆ ತಲೆ ಬಗ್ಗಿಸಿದೆ. ಅವಳು ಬಂದಳು. ತಂಬಿಗೆ ಅದ್ದಿ, ಕೊಡದ ಬಾಯಿಗೆ ಹತ್ತಿರ ಹಿಡಿದು, ಒಂದೊಂದೇ ತಂಬಿಗೆ ಸುರಿದಳು. ಕೊಡ ತುಂಬಿದರೂ ಅವಳು ನಿಲ್ಲಿಸಲಿಲ್ಲ, ನೀರು ಕಂಠ ದಾಟಿ ನೆಲಕ್ಕೆ ಹರಿಯಿತು. ಸಾಕು ಸಾಕು, ನಮ್ಮ ತೊಟ್ಟಿಯ ರೋಗ ನಿನಗೂ ಅಂಟಿತೇನು ಎಂದು ಚಾಚಿ ನಕ್ಕಳು. ನಕ್ಕವಳು ಹಾಗೇ ಎರಡೂ ಅಂಗೈ ಜೋಡಿಸಿ ಮುಂದೆ ಹಿಡಿದಳು, ನಡೆದು ಬಂದು ಗಂಟಲು ಒಣಗಿದೆ ಎಂದಳು. ಅವ್ವ ಕೊನೆಯ ತಂಬಿಗೆಯನ್ನು ಆ ಬೊಗಸೆಗೆ ಸುರಿದಳು. ಚಾಚಿ ಬಾಯಿ ಹಚ್ಚಿ ಕುಡಿದು, ಒದ್ದೆ ಕೈಯನ್ನು ಅವ್ವನ ಹೆಗಲ ಸೆರಗಿಗೇ ಒರೆಸಿ, ಕೊಡವನ್ನು ನನ್ನ ಸೊಂಟಕ್ಕೇರಿಸಿ ಮುಂದೆ ನಡೆದಳು.

ನಾನು ಕೊಡ ಮುಟ್ಟಿಸಿ ವಾಪಸ್ಸು ಬಂದಾಗ ಅವ್ವ ನೆಲದ ನೀರು ಒರೆಸಿರಲಿಲ್ಲ. ದಿನಾ ಎರಡು ಸಲ ನೆಲ ಒರೆಸುವವಳು, ಒದ್ದೆ ನೆಲದ ನಡುವೆ ತಂಬಿಗೆ ಹಿಡಿದು ಹಾಗೇ ಕೂತಿದ್ದಳು. ಕತ್ತಲಾಯಿತೆಂದು ನಾನು ಬಾಗಿಲು ಹಾಕಲು ಹೋದೆ.

‘ಹಾಕಬ್ಯಾಡ,’ ಅಂದಳು. ‘ಅಕ್ಕ ಇನ್ನೊಂದು ಕೊಡಕ್ಕ ಬಂದ್ರೂ ಬರಬೌದು.’